4ಕೆ ಡ್ಯಾಶ್‌ಕ್ಯಾಮ್ ತಗೋಬೇಕು, ಬಳಸಿದವರು ಸ್ವಲ್ಪ ಹೇಳಿ

ಹೊಸ ಚಾಲಕಿ:
ಹೋದ ತಿಂಗಳು ಸಿಗ್ನಲ್‌ನಲ್ಲಿ ನಿಂತಿದ್ದೆ, ಹಿಂದಿನಿಂದ ಬಂದವನು ಗುದ್ದಿದ. ಇಳಿದು ಬಂದು "ನೀವೇ ರಿವರ್ಸ್ ತಗೊಂಡ್ರಿ" ಅಂತ ನನ್ನ ಮೇಲೇ ಹಾಕಿದ. ಸಾಕ್ಷಿ ಹೇಳೋಕೆ ಯಾರೂ ಇರಲಿಲ್ಲ. ಈಗ ಡ್ಯಾಶ್‌ಕ್ಯಾಮ್, ಅಂದ್ರೆ ಕಾರಿನ ಗಾಜಿಗೆ ಅಂಟಿಸಿ ರಸ್ತೆಯನ್ನ ರೆಕಾರ್ಡ್ ಮಾಡೋ ಕ್ಯಾಮೆರಾ, ಹಾಕಿಸೋಣ ಅಂತ ಹುಡುಕಿದ್ರೆ ಎಲ್ಲ ಡಬ್ಬದ ಮೇಲೂ 4ಕೆ ಅಂತಲೇ ಬರೆದಿದೆ. ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣಬೇಕು, ಪದೇ ಪದೇ ಕೆಡಬಾರದು. ಇಷ್ಟೇ ನನ್ನ ಬೇಡಿಕೆ. ಏನು ನೋಡಿ ತಗೋಬೇಕು?

ಹಳೇ ಸ್ಟೀರಿಂಗ್:
ಮೇಡಂ, ನನ್ನದು ಇದು ಮೂರನೇ ಕ್ಯಾಮೆರಾ. ಮೊದಲೆರಡು ಹೇಗೆ ಹೋದವು ಅನ್ನೋದನ್ನ ಹೇಳಿಬಿಡ್ತೀನಿ, ನಿಮಗೆ ಅದೇ ಹೆಚ್ಚು ಉಪಯೋಗ.

ಮೊದಲನೆಯದರ ಒಳಗೆ ಲಿಥಿಯಂ ಬ್ಯಾಟರಿ ಇತ್ತು. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತೆ, ಗಾಜಿಗೆ ಅಂಟಿಕೊಂಡಿರೋ ಕ್ಯಾಮೆರಾ ಗತಿ ಕೇಳೋದೇ ಬೇಡ. ಎರಡನೇ ಬೇಸಿಗೆಗೆ ಹಲ್ಲುನೋವು ಬಂದವರ ಕೆನ್ನೆ ಥರ ಊದಿಕೊಂಡು, ಸ್ಕ್ರೀನ್ ಒಂದು ಮೂಲೆಯಲ್ಲಿ ಎದ್ದು ಬಂತು. ಆಮೇಲಿಂದ ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಇರೋದನ್ನ ಮಾತ್ರ ನೋಡ್ತೀನಿ. ಇಂಜಿನ್ ಆಫ್ ಆದಾಗ ಕೊನೆಯ ಫೈಲ್ ಸರಿಯಾಗಿ ಮುಚ್ಚೋಕೆ ಬೇಕಾದ ಕೆಲವು ಸೆಕೆಂಡಿನ ಕರೆಂಟು ಅದರಲ್ಲಿ ಇರುತ್ತೆ, ಬಿಸಿಯನ್ನೂ ಚೆನ್ನಾಗಿ ತಡ್ಕೊಳ್ಳುತ್ತೆ.

ಎರಡನೆಯದು ಒಳ್ಳೇ ಕ್ಯಾಮೆರಾ. ತಪ್ಪು ನನ್ನದೇ. ಹಳೇ ಫೋನಿನಲ್ಲಿದ್ದ ಮೆಮೊರಿ ಕಾರ್ಡ್ ಹಾಕಿದ್ದೆ, "ಟಿಣ್ ಟಿಣ್" ಕಿರಿಕಿರಿ ಅಂತ ಶಬ್ದವನ್ನೂ ಆಫ್ ಮಾಡಿದ್ದೆ. ಒಂದು ದಿನ ಬೈಕೊಂದು ನನ್ನ ಎಡಗಡೆ ಕನ್ನಡಿ ಹಾರಿಸಿಕೊಂಡು ಹೋಯ್ತು. ಸಿಕ್ಕಿಬಿದ್ದ ಮಗ ಅಂತ ಮನೆಗೆ ಬಂದು ಕಾರ್ಡನ್ನ ಲ್ಯಾಪ್‌ಟಾಪಿಗೆ ಹಾಕಿದ್ರೆ, ಕೊನೆಯ ಫೈಲ್ 19 ದಿನ ಹಳೇದು. ಕಾರ್ಡ್ ಸವೆದು, ಹೊಸದೇನೂ ಬರೆಯೋಕೆ ಆಗದೆ ನಿಂತುಬಿಟ್ಟಿತ್ತು. ಕ್ಯಾಮೆರಾ ಪಾಪ ಕೂಗ್ತಾನೇ ಇತ್ತೇನೋ, ಬಾಯಿ ಮುಚ್ಚಿಸಿದವನು ನಾನು.

ಲೆಕ್ಕ ನೋಡಿ. 4ಕೆ ವಿಡಿಯೊ ಸೆಕೆಂಡಿಗೆ 30 ಮೆಗಾಬಿಟ್‌ನಂತೆ ಬರೆದರೆ ಗಂಟೆಗೆ ಸುಮಾರು 13.5 ಜಿಬಿ. 64 ಜಿಬಿ ಕಾರ್ಡ್ ನಾಲ್ಕೂವರೆ ಗಂಟೆಗೆ ತುಂಬಿ, ಹಳೇದರ ಮೇಲೆ ಹೊಸದು ಬರೆಯೋಕೆ ಶುರು. ದಿನಾ ಒಂದೂವರೆ ಗಂಟೆ ಓಡಿಸಿದ್ರೂ ಮೂರು ದಿನಕ್ಕೊಮ್ಮೆ ಕಾರ್ಡ್ ಪೂರ್ತಿ ಉಜ್ಜಿ ಬರೆದ ಹಾಗೆ. ಫೋನಿನ ಕಾರ್ಡು ಈ ದುಡಿತಕ್ಕೆ ಮಾಡಿದ್ದಲ್ಲ. ಪದೇ ಪದೇ ಬರೆಯೋದನ್ನ ತಡ್ಕೊಳ್ಳೋ ಕಾರ್ಡು ಹೈ ಎಂಡ್ಯೂರೆನ್ಸ್ ಅಂತಲೇ ಬರುತ್ತೆ, ವಿ30 (ಬರೆಯೋ ವೇಗದ ದರ್ಜೆ) ಗುರುತಿರೋದು, 128 ಜಿಬಿ ತಗೊಳ್ಳಿ. ತಿಂಗಳಿಗೊಮ್ಮೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಶಬ್ದ ಆಫ್ ಮಾಡಬೇಡಿ!

ಇನ್ನು 4ಕೆ ವಿಚಾರ. 3840×2160 ಅಂದ್ರೆ ಸುಮಾರು 83 ಲಕ್ಷ ಪಿಕ್ಸೆಲ್. ಕೆಲವು ಅಗ್ಗದ ಮಾಲಿನಲ್ಲಿ 20 ಲಕ್ಷ ಪಿಕ್ಸೆಲ್ಲಿನ ಸೆನ್ಸರ್ (ಚಿತ್ರ ಹಿಡಿಯೋ ಚಿಪ್) ಕೂರಿಸಿ, ಬಂದ ಚಿತ್ರವನ್ನ ಹಿಗ್ಗಿಸಿ 4ಕೆ ಅಂತ ಮಾರ್ತಾರೆ. ಅದಕ್ಕೆ ಡಬ್ಬದ ಮುಂಭಾಗ ಬಿಟ್ಟು ಸೆನ್ಸರ್ ಹೆಸರು ಹುಡುಕಿ. ಸೋನಿಯವರ ಸ್ಟಾರ್‌ವಿಸ್ 2 ಸಾಲಿನ ಐಎಂಎಕ್ಸ್678 ನಿಜವಾದ 8 ಮೆಗಾಪಿಕ್ಸೆಲ್ಲಿನದು. ವಿಯೋಫೋ ಎ229 ಪ್ರೋ, 70ಮೈ ಎ810 ಎರಡರ ಮುಂದಿನ ಕ್ಯಾಮೆರಾದಲ್ಲೂ ಅದೇ ಇದೆ. ಸೆನ್ಸರ್ ಹೆಸರು ಎಲ್ಲೂ ಬರೆದಿಲ್ಲ ಅಂದ್ರೆ ನಾನಂತೂ ಮುಂದೆ ಹೋಗ್ತೀನಿ.

ರಾತ್ರಿ ಪಾಳಿ:
ಮೇಲಿನವರು ಹೇಳಿದ್ದು ಸರಿ, ಆದ್ರೆ ಒಂದು ಆಸೆ ಈಗಲೇ ಬಿಟ್ಟುಬಿಡಿ ಮೇಡಂ. ರಾತ್ರಿ ಎದುರಿಗೆ ಬರೋ ಗಾಡಿಯ ನಂಬರ್ ಯಾವ 4ಕೆನಲ್ಲೂ ನೆಚ್ಚಿಕೊಳ್ಳೋ ಹಾಗೆ ಸಿಗಲ್ಲ. ನಾನು ಓಡಾಡೋದೆಲ್ಲ ರಾತ್ರಿನೇ, ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡಿದ್ದೀನಿ. ಇಬ್ಬರೂ 60ರ ವೇಗದಲ್ಲಿ ಎದುರುಬದುರು ಬಂದ್ರೆ ಸೆಕೆಂಡಿಗೆ 33 ಮೀಟರ್ ಹತ್ತಿರ ಆಗ್ತಿರ್ತೀರಿ. ಕತ್ತಲಲ್ಲಿ ಬೆಳಕು ಸಾಲದೆ ಶಟರ್ 1/30 ಸೆಕೆಂಡ್ ತೆರೆದಿದ್ರೆ, ಒಂದೇ ಫ್ರೇಮಿನಲ್ಲಿ ಆ ಗಾಡಿ ಒಂದು ಮೀಟರಿಗಿಂತ ಜಾಸ್ತಿ ಸರಿದಿರುತ್ತೆ. ಅಕ್ಷರಗಳೆಲ್ಲ ಒರೆಸಿದ ಹಾಗೆ. ಪಿಕ್ಸೆಲ್ ಹೆಚ್ಚಾದ್ರೆ ಅದೇ ಮಬ್ಬು ದೊಡ್ಡದಾಗಿ ಕಾಣುತ್ತೆ, ಅಷ್ಟೆ. ಮುಂದೆ ನಿಧಾನಕ್ಕೆ ಹೋಗ್ತಿರೋ ಗಾಡಿಯ ನಂಬರ್ ಸಿಗುತ್ತೆ, ಅಲ್ಲಿ ಒಳ್ಳೇ ಸೆನ್ಸರ್, ಎಚ್‌ಡಿಆರ್ (ಕತ್ತಲು, ಪ್ರಖರ ಬೆಳಕು ಎರಡನ್ನೂ ಹೊಂದಿಸೋ ಸೌಲಭ್ಯ) ಇದ್ರೆ ನಿಜಕ್ಕೂ ವ್ಯತ್ಯಾಸ ಇದೆ.

ನನ್ನ ಉಪಾಯಕ್ಕೆ ಕಾಸು ಬೇಡ. ಮೈಕ್ ಆನ್ ಇಟ್ಟಿದ್ದೀನಿ, ಏನಾದ್ರೂ ಆದ ತಕ್ಷಣ ಕಣ್ಣಿಗೆ ಬಿದ್ದ ನಂಬರ್ ಜೋರಾಗಿ ಓದಿಬಿಡ್ತೀನಿ. ಪಕ್ಕದಲ್ಲಿ ಕೂತವರು ನಗ್ತಾರೆ, ನಗಲಿ. ಎರಡು ಸಲ ಅದೇ ಕೆಲಸಕ್ಕೆ ಬಂತು.

170 ಡಿಗ್ರಿ ಅಗಲದ ಲೆನ್ಸ್ ಅಂತ ಹಿಗ್ಗಬೇಡಿ. ಅಗಲ ಹೆಚ್ಚಿದಷ್ಟೂ ಮುಂದಿನ ಗಾಡಿ ಚಿಕ್ಕದಾಗುತ್ತೆ, ಪ್ಲೇಟಿಗೆ ಸಿಗೋ ಪಿಕ್ಸೆಲ್ ಕಮ್ಮಿ. 140 ಧಾರಾಳ. ಲೆನ್ಸಿನ ಮುಂದೆ ಸಿಪಿಎಲ್ ಫಿಲ್ಟರ್ (ಪ್ರತಿಫಲನ ತಡೆಯೋ ಗಾಜು) ಹಾಕಿದ್ರೆ ಹಗಲಲ್ಲಿ ಗಾಜಿನ ಮೇಲಿನ ಡ್ಯಾಶ್‌ಬೋರ್ಡ್ ನೆರಳು ಹೋಗುತ್ತೆ, ರಾತ್ರಿ ಇರೋ ಚೂರುಪಾರು ಬೆಳಕನ್ನೂ ಅದೇ ನುಂಗುತ್ತೆ. ನಾನು ತೆಗೆದಿಟ್ಟಿದ್ದೀನಿ.

ವೈರಿಂಗ್ ಅಣ್ಣ:
ಹಾಕಿಸೋವಾಗ ಪಕ್ಕದಲ್ಲೇ ನಿಂತ್ಕೊಳ್ಳಿ. ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗೆ ಪರದೆ ಥರ ಬಿಚ್ಚಿಕೊಳ್ಳೋದು) ಇದ್ರೆ ವೈರು ಅದರ ಹಿಂದಿನಿಂದ ಹೋಗಬೇಕು. ಎಷ್ಟೋ ಜನ ಅವಸರಕ್ಕೆ ಮುಂದಿನಿಂದ ತುರುಕಿ ಕೈ ತೊಳ್ಕೊಳ್ತಾರೆ. ಬ್ಯಾಗ್ ಬಿಚ್ಚೋ ಹೊತ್ತಿಗೆ ಅದು ಅಡ್ಡ.

ಪಾರ್ಕಿಂಗ್ ಮೋಡ್, ಅಂದ್ರೆ ಗಾಡಿ ನಿಲ್ಲಿಸಿದಾಗಲೂ ರೆಕಾರ್ಡಿಂಗ್, ಬೇಕಾದ್ರೆ ಫ್ಯೂಸ್ ಬಾಕ್ಸ್‌ಗೆ ಹಾರ್ಡ್‌ವೈರ್ ಕಿಟ್ (ಕಾರಿನ ಬ್ಯಾಟರಿಯಿಂದ ನೇರ ಕರೆಂಟು ಕೊಡೋ ವೈರು) ಹಾಕಿಸಿ, ಬ್ಯಾಟರಿ ಇಳಿದಾಗ ಕ್ಯಾಮೆರಾ ಆಫ್ ಮಾಡೋ ಕಟ್-ಆಫ್ 12.2 ವೋಲ್ಟಿಗೆ ಇಡಿ. 0.3 ಆಂಪಿಯರ್ ಎಳೆಯೋ ಕ್ಯಾಮೆರಾ ದಿನಕ್ಕೆ 7 ಆಂಪಿಯರ್-ಅವರ್ ತಿನ್ನುತ್ತೆ, ವಾರಕ್ಕೆ 50. ಕಟ್-ಆಫ್ ಇಲ್ಲದೆ ಗಾಡಿ ಬಿಟ್ಟು ಊರಿಗೆ ಹೋದ್ರೆ ಬಂದ ಮೇಲೆ ತಳ್ಳೋಕೆ ಜನ ಹುಡುಕಬೇಕು.

ಹೊಡೆತ, ಕುಲುಕಾಟ ಗುರುತಿಸೋ ಜಿ-ಸೆನ್ಸರ್ ಲೋ ಇಡಿ. ಹೈ ಇಟ್ರೆ ರಸ್ತೆಯ ಪ್ರತಿ ಹಂಪ್‌ಗೂ "ಅಪಘಾತ" ಅಂತ, ಮೇಲೆ ಹೊಸದು ಬರೆಯದ ಹಾಗೆ ಫೈಲ್ ಲಾಕ್ ಮಾಡ್ತಾ ಹೋಗುತ್ತೆ.

ಹೊಸ ಚಾಲಕಿ:
ಎಲ್ಲರಿಗೂ ಥ್ಯಾಂಕ್ಸ್. ನನಗೆ ಗುದ್ದಿದ್ದು ಹಿಂದಿನಿಂದ ಅಲ್ವಾ, ಹಾಗಾದ್ರೆ ಮುಂದಿನ ಕ್ಯಾಮೆರಾಗಿಂತ ಹಿಂದಿನದೇ ಮುಖ್ಯನಾ?

ಹಳೇ ಸ್ಟೀರಿಂಗ್:
ನಿಮ್ಮ ಕೇಸಿನಲ್ಲಿ ಮುಂದಿನದೊಂದೇ ಇದ್ದಿದ್ರೂ ಗೆಲ್ತಿದ್ರಿ. ಕಾರು ರಿವರ್ಸ್ ಹೋಗಿದ್ರೆ ಮುಂದಿನ ಗಾಡಿ, ಸಿಗ್ನಲ್ ಕಂಬ ಎಲ್ಲ ದೂರ ಸರೀತಾ ಕಾಣಬೇಕು. ನಿಂತಲ್ಲೇ ನಿಂತಿದ್ದು ಒಮ್ಮೆಲೇ ಮುಂದಕ್ಕೆ ಜರ್ಕ್ ಹೊಡೆದ್ರೆ ಯಾರು ಯಾರಿಗೆ ಗುದ್ದಿದ್ದು ಅಂತ ಮಗುಗೂ ಗೊತ್ತಾಗುತ್ತೆ. ಜಿಪಿಎಸ್ ಇದ್ರೆ ವಿಡಿಯೊ ಮೂಲೆಯಲ್ಲಿ ವೇಗ ಸೊನ್ನೆ ಅಂತಲೂ ಬಿದ್ದಿರುತ್ತೆ, ಗಡಿಯಾರವೂ ತಾನಾಗೇ ಸರಿ ಇರುತ್ತೆ. ತಾರೀಖು ತಪ್ಪಿರೋ ವಿಡಿಯೊ ತೋರಿಸಿದ್ರೆ ಎದುರಿನವನಿಗೆ ಮಾತಾಡೋಕೆ ಒಂದು ನೆಪ ಸಿಕ್ಕಿಬಿಡುತ್ತೆ.

ಆದ್ರೂ ಹಿಂದಿನದೂ ಹಾಕಿಸಿ, ಗುದ್ದಿದವನು ಓಡಿಹೋದ್ರೆ ಅದೇ ಗತಿ. ಅದಕ್ಕೆ 4ಕೆ ಬೇಡ, 1080 (ಸುಮಾರು 20 ಲಕ್ಷ ಪಿಕ್ಸೆಲ್) ಸಾಕು. ಹಿಂದಿನ ಗಾಜಿಗೆ ಕಪ್ಪು ಫಿಲ್ಮ್ ಇದ್ರೆ ರಾತ್ರಿ ಹೆಚ್ಚೇನೂ ಬಯಸಬೇಡಿ, ಗಾಜಿನ ಮಂಜು ತೆಗೆಯೋ ಡಿಫಾಗರ್ ಗೆರೆ ಲೆನ್ಸಿಗೆ ಅಡ್ಡ ಬರದ ಹಾಗೆ ಅಂಟಿಸಿ.

ಹೊಸ ಚಾಲಕಿ:
ಸರಿ, ಎರಡೂ ಇರೋ ಸೆಟ್ಟೇ ತಗೊಳ್ತೀನಿ, ಕೆಪಾಸಿಟರ್, ಜಿಪಿಎಸ್ ನೋಡಿ. ಕೊನೇದೊಂದು: ತಿಂಗಳಿಗೊಮ್ಮೆ ಫಾರ್ಮ್ಯಾಟ್ ಅಂದ್ರಲ್ಲ, ಲಾಕ್ ಆಗಿರೋ ಕ್ಲಿಪ್ಪೂ ಹೋಗಿಬಿಡುತ್ತಾ?

ವೈರಿಂಗ್ ಅಣ್ಣ:
ಎಲ್ಲ ಹೋಗುತ್ತೆ. ಬೇಕಾದ್ದನ್ನ ಮೊದಲು ವೈ-ಫೈನಲ್ಲಿ ಫೋನಿಗೆ ಇಳಿಸ್ಕೊಳ್ಳಿ. ರೆಕಾರ್ಡಿಂಗನ್ನ ಒಂದೊಂದು ನಿಮಿಷದ ತುಂಡಿಗೆ ಇಟ್ರೆ ಒಂದು ಫೈಲ್ 225 ಎಂಬಿ ಆಸುಪಾಸು, ಬೇಗ ಇಳಿಯುತ್ತೆ.