ದಿನವಿಡೀ ನುಡಿಯಲ್ಲಿ ಟೈಪಿಂಗ್: ಮೆಕ್ಯಾನಿಕಲ್ ಕೀಬೋರ್ಡಿಗೆ ದುಡ್ಡು ಹಾಕಬೇಕಾ?

ಒತ್ತಕ್ಷರ (ಪ್ರಶ್ನೆ)

ದಿನಕ್ಕೆ ಆರೇಳು ಗಂಟೆ ಕನ್ನಡ ಟೈಪಿಂಗ್ ಕೆಲಸ. ನುಡಿ ತಂತ್ರಾಂಶ, ಕೆ.ಪಿ. ರಾವ್ ವಿನ್ಯಾಸ (ಯಾವ ಕೀಗೆ ಯಾವ ಅಕ್ಷರ ಅನ್ನೋ ಜೋಡಣೆ). ಈಗಿರುವುದು ಮಾಮೂಲಿ ರಬ್ಬರ್ ಮೆಂಬ್ರೇನ್ ಕೀಬೋರ್ಡ್. ಬದಲಾಯಿಸಬೇಕು. ನಂಬರ್ ಪ್ಯಾಡ್ ಬೇಕೇ ಬೇಕು, ರಾತ್ರಿ ಅದೇ ಕೋಣೆಯಲ್ಲಿ ಬೇರೆಯವರು ಮಲಗಿರುತ್ತಾರೆ, ಬಜೆಟ್ ಐದು ಸಾವಿರದೊಳಗೆ.

ಮೆಕ್ಯಾನಿಕಲ್‌ನಿಂದ ಕನ್ನಡ ಟೈಪಿಂಗಿಗೆ ನಿಜಕ್ಕೂ ಉಪಯೋಗ ಇದೆಯಾ, ಇಲ್ಲ ಗೇಮ್ ಆಡೋರ ಶೋಕಿನಾ? ಸ್ವಿಚ್ಚುಗಳಲ್ಲಿ ಕೆಂಪು, ಕಂದು, ನೀಲಿ ಅಂತಾರಲ್ಲ, ಅದರಲ್ಲಿ ಯಾವುದು? ಬೇಡ ಅನ್ನೋರು ಇದ್ದರೆ ಅವರೂ ಕಾರಣ ಹೇಳಿ.

ಸ್ಪ್ರಿಂಗ್‌ಪ್ರಿಯ

ಉಪಯೋಗ ಇದೆ. ಆದರೆ ಯಾವ ಬೆರಳಿಗೆ ಅಂತ ನೋಡಿ ತಗೋಬೇಕು.

ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತು ಕೊಡುವುದು ಎಫ್ ಕೀ. ಅದು ಎಡಗೈ ತೋರುಬೆರಳಿನ ಪಾಲು. ಆರ್, ಟಿ, ಜಿ, ವಿ, ಬಿ ಇವೂ ಅದೇ ಬೆರಳಿಗೆ. 'ಅಕ್ಕ' ಬರೆಯುವಾಗ ತೊಂದರೆ ಇಲ್ಲ: ಎ, ಕೆ, ಎಫ್, ಕೆ. ಕೆ ಬಲಗೈಯದು, ಎಫ್ ಎಡಗೈಯದು, ಕೈ ಬದಲಾಗುತ್ತಾ ಹೋಗುತ್ತದೆ. 'ಹತ್ತು' ಬಂದಾಗ ನೋಡಿ: ಟಿ, ಎಫ್, ಟಿ. 'ಹಬ್ಬ': ಬಿ, ಎಫ್, ಬಿ. 'ಹಗ್ಗ', 'ಅವ್ವ' ಎಲ್ಲ ಇದೇ ಕತೆ. ಒಂದೇ ಬೆರಳು ಮೂರು ಸಲ ನೆಗೆಯಬೇಕು. ಸಂಜೆ ಹೊತ್ತಿಗೆ ಮೊದಲು ಸುಸ್ತಾಗುವುದು ಈ ಬೆರಳು. ಆಮೇಲೆ ಕಿರುಬೆರಳುಗಳು, ಶಿಫ್ಟ್‌ನಿಂದಾಗಿ. 'ಮಾತಾಡೋಣ' ಅಂತ ಬರೆಯಲು ಏಳು ಕೀ, ಅದರಲ್ಲಿ ನಾಲ್ಕಕ್ಕೆ ಶಿಫ್ಟ್. ಇಂಗ್ಲಿಷಿನಲ್ಲಿ ವಾಕ್ಯಕ್ಕೊಂದು ಸಲ ಬರುವ ಶಿಫ್ಟ್ ನಮಗೆ ಪದಕ್ಕೆ ಎರಡು-ಮೂರು ಸಲ.

ರಬ್ಬರ್ ಗುಮ್ಮಟದ ಕೀಬೋರ್ಡಿನಲ್ಲಿ ಗುಮ್ಮಟ ಪೂರ್ತಿ ಕುಸಿದು ತಳ ಮುಟ್ಟಿದರೆ ಮಾತ್ರ ಅಕ್ಷರ ಮೂಡುತ್ತದೆ. ಮೆಕ್ಯಾನಿಕಲ್ ಅಂದರೆ ಪ್ರತಿ ಕೀಗೂ ಸ್ಪ್ರಿಂಗ್ ಇರುವ ಪ್ರತ್ಯೇಕ ಸ್ವಿಚ್; ಅದರಲ್ಲಿ ಚೆರ್ರಿ ಎಂಎಕ್ಸ್ ಮಾದರಿಯ ಸ್ವಿಚ್ಚಿನಲ್ಲಿ ಕೀ ಇಳಿಯುವುದು 4 ಮಿ.ಮೀ., ಅಕ್ಷರ ಮೂಡುವುದು 2 ಮಿ.ಮೀ. ಇಳಿದಾಗಲೇ. ಉಳಿದರ್ಧ ಒತ್ತುವ ಅಗತ್ಯ ಇಲ್ಲ. ಆದರೆ ಮೆಂಬ್ರೇನಿನಿಂದ ಬಂದವರೆಲ್ಲ ಅಭ್ಯಾಸಬಲದಿಂದ ತಳಕ್ಕೇ ಗುದ್ದುತ್ತಾರೆ. ಹಾಗೆ ಗುದ್ದಿದರೆ ಲಾಭ ಸೊನ್ನೆ, ಸದ್ದು ಜಾಸ್ತಿ. ಎರಡು ಮೂರು ವಾರ ಬೇಕೆಂದೇ ಹಗುರವಾಗಿ ಒತ್ತಿ ಅಭ್ಯಾಸ ಮಾಡಬೇಕು.

ಕೀ ಒತ್ತಲು ಬೇಕಾದ ಬಲದ ಲೆಕ್ಕ ಸೆಂಟಿನ್ಯೂಟನ್‌ನಲ್ಲಿ ಕೊಟ್ಟಿರುತ್ತಾರೆ, ಗ್ರಾಂ ಅಂದುಕೊಂಡರೂ ನಡೆಯುತ್ತೆ. ಕೆಂಪು 45, ಮಧ್ಯೆ ತಡೆ ಇಲ್ಲ, ನೇರ ಇಳಿಯುತ್ತೆ. ಕಂದು ಸಣ್ಣ ಉಬ್ಬು ದಾಟುತ್ತೆ, ಅಲ್ಲಿ 55. ಕಪ್ಪು ಕೆಂಪಿನ ಹಾಗೇ, ಆದರೆ 60, ನಿಮ್ಮ ತೋರುಬೆರಳಿಗೆ ಬೇಡ. ನೀಲಿ 60, ಜೊತೆಗೆ ಟಿಕ್ ಸದ್ದು.

ನಿಮಗೆ ಸೈಲೆಂಟ್ ರೆಡ್, ಅಂದರೆ ಸದ್ದು ತಗ್ಗಿಸಿದ ಕೆಂಪು. ಬಲ ಅದೇ 45, ಸ್ವಿಚ್ಚಿನೊಳಗೆ ಮೇಲೆ ಕೆಳಗೆ ಆಡುವ ಕಡ್ಡಿಯ ಮೇಲೂ ಕೆಳಗೂ ರಬ್ಬರ್ ತುಣುಕು ಇರುವುದರಿಂದ ಒಟ್ಟು ಇಳಿತ 3.7 ಮಿ.ಮೀ.ಗೆ ಇಳಿದಿರುತ್ತೆ. ಕೆಲವರಿಗೆ ಅದು ಕೆಸರಿನಲ್ಲಿ ಕಾಲಿಟ್ಟ ಹಾಗೆ ಅನಿಸುತ್ತೆ. ಅದು ರುಚಿಯ ವಿಚಾರ. 'ಹಗುರ ಒಳ್ಳೆಯದು' ಅಂತ 35 ಗ್ರಾಂ ಸ್ವಿಚ್ಚಿಗೆ ಮಾತ್ರ ಹೋಗಬೇಡಿ. ತೋರುಬೆರಳು ಯಾವಾಗಲೂ ಎಫ್ ಮೇಲೇ ಕೂತಿರುತ್ತೆ. ಸ್ವಲ್ಪ ಭಾರ ಬಿದ್ದರೂ ಒತ್ತು ಬೀಳುತ್ತೆ, 'ಕಮಲ' ಹೋಗಿ 'ಕ್ಮಲ' ಆಗುತ್ತೆ.

ಡಿಟಿಪಿ ಅಂಗಡಿ

ನೀಲಿಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದು ಸರಿಯಲ್ಲ. ನಮ್ಮ ಕಡೆ 'ಮೆಕ್ಯಾನಿಕಲ್' ಅನ್ನೋ ಪದ ಯಾರ ಬಾಯಲ್ಲೂ ಇಲ್ಲದ ಕಾಲದಲ್ಲೇ ಬ್ಯಾಂಕ್ ಕೌಂಟರು, ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಲಟಲಟ ಅಂತಿದ್ದುದು ಟಿವಿಎಸ್ ಗೋಲ್ಡ್. ಅದರೊಳಗೆ ಇದ್ದದ್ದು ನೀಲಿ ಸ್ವಿಚ್ಚೇ. ನಂಬರ್ ಪ್ಯಾಡ್ ಸಮೇತ 104 ಕೀ. ಗೋಲ್ಡ್ ಭಾರತ್ ಮಾದರಿಯಲ್ಲಿ ರೂಪಾಯಿ ಚಿಹ್ನೆಯೂ ಅಚ್ಚಾಗಿರುತ್ತೆ.

ಹಸ್ತಪ್ರತಿ ನೋಡಿಕೊಂಡು ಟೈಪ್ ಮಾಡುವವರ ಕಣ್ಣು ಪರದೆಯ ಮೇಲೆ ಇರುವುದಿಲ್ಲ. ಅಕ್ಷರ ಬಿತ್ತೋ ಇಲ್ಲವೋ ಅನ್ನೋದನ್ನು ಕಿವಿಯೇ ಹೇಳಬೇಕು. ಆ ಕೆಲಸವನ್ನು ನೀಲಿಯ ಟಿಕ್ ಸದ್ದಿನಷ್ಟು ಚೆನ್ನಾಗಿ ಬೇರೆ ಯಾವುದೂ ಮಾಡಲ್ಲ.

ಒಂದು ದೋಷ ಇರೋದು ನಿಜ. ನೀಲಿಯಲ್ಲಿ ಅಕ್ಷರ ಮೂಡುವ ಬಿಂದು ಕೆಳಗೆ, ಸ್ವಿಚ್ ಮತ್ತೆ ಸಜ್ಜಾಗುವ ಬಿಂದು ಅದಕ್ಕಿಂತ ಮೇಲೆ. ಒಂದೇ ಕೀಯನ್ನು ಬೆನ್ನುಬೆನ್ನಿಗೆ ಒತ್ತುವಾಗ ಪೂರ್ತಿ ಮೇಲೆ ಬಿಡದಿದ್ದರೆ ಎರಡನೆಯದು ತಪ್ಪಿಹೋಗುತ್ತೆ. ಬರಹ ತಂತ್ರಾಂಶದಲ್ಲಿ ಲಿಪ್ಯಂತರ ಪದ್ಧತಿಯಲ್ಲಿ (ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ) ಬರೆಯುವವರಿಗೆ 'ಅಕ್ಕ' ಅಂದರೆ ಕೆ ಮೇಲೆ ಕೆ, ಅಲ್ಲಿ ಇದು ಕಾಡುತ್ತೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಎರಡು ಕೆ ನಡುವೆ ಎಫ್ ಬರುವುದರಿಂದ ಕೀಗೆ ಮೇಲೆ ಬರಲು ಸಮಯ ಸಿಗುತ್ತೆ. ಹಾಗಾಗಿ ಒತ್ತಕ್ಷರಗಳ ಮಟ್ಟಿಗೆ ನುಡಿಯವರಿಗೆ ಈ ದೂರು ಲಾಗೂ ಆಗಲ್ಲ; 'ನನಗೆ' ಥರದ ಪದದಲ್ಲಿ ಮಾತ್ರ ಎನ್ ಮೇಲೆ ಎನ್ ಬರುತ್ತೆ.

ಮಲಗಿದವರ ಪಕ್ಕದಲ್ಲಿ ನೀಲಿ ಬೇಡ, ಅದನ್ನು ಒಪ್ಪುತ್ತೇನೆ. ಹೊಡೆದಾಟ ಆಗುತ್ತೆ.

ಚಪ್ಪಟೆಮಣೆ

ಬೇಡ ಅನ್ನೋರ ಕಡೆಯಿಂದ ನಾನು.

ಮೇಲಿನವರು ಯಾರೂ ಎತ್ತರದ ಮಾತು ಆಡಿಲ್ಲ. ಮಾಮೂಲಿ ಮೆಕ್ಯಾನಿಕಲ್ ಕೀಬೋರ್ಡಿನ ಮುಂದಿನ ಅಂಚೇ ಸುಮಾರು 20 ಮಿ.ಮೀ., ಕೀಯ ತಲೆ 30 ಮಿ.ಮೀ. ದಾಟುತ್ತೆ. ನಮ್ಮ ಮೇಜುಗಳು 29-30 ಇಂಚು, ಎತ್ತರ ಸಾಧಾರಣ ಇರುವವರಿಗೆ ಟೈಪಿಂಗಿಗೆ ಮೊದಲೇ ಜಾಸ್ತಿ. ಅದರ ಮೇಲೆ ಇದನ್ನಿಟ್ಟು, ಹಿಂದಿನ ಕಾಲುಗಳನ್ನೂ ಎತ್ತಿ ನಿಲ್ಲಿಸಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತೆ. ಆರು ಗಂಟೆ ಹಾಗೆ ಬಾಗಿದ್ದರೆ 45 ಗ್ರಾಂ ಸ್ವಿಚ್ಚಿದ್ದರೂ ನೋವು ಬರುವುದೇ.

ತಗೊಂಡರೆ ಮೂರು ಕೆಲಸ ಮಾಡಿ. ಹಿಂದಿನ ಕಾಲು ಮಡಚಿಡಿ. ಕುರ್ಚಿ ಎತ್ತರಿಸಿ, ಮೊಣಕೈ ಮೇಜಿನ ಮಟ್ಟಕ್ಕೆ ಬರಲಿ; ಪಾದ ನೆಲ ಮುಟ್ಟದಿದ್ದರೆ ಕೆಳಗೆ ಒಂದು ಮಣೆ. ಮುಂದೆ ಕೀಬೋರ್ಡಿನ ಅಂಚಿನಷ್ಟೇ ಎತ್ತರದ ದಿಂಬುಪಟ್ಟಿ, ಅದು ಅಂಗೈ ಬುಡಕ್ಕೆ, ಮಣಿಕಟ್ಟಿಗಲ್ಲ. ಟೈಪ್ ಮಾಡುವಾಗ ಅಲ್ಲ, ನಿಲ್ಲಿಸಿದಾಗ ಊರಲು.

ಇಷ್ಟೆಲ್ಲ ರಗಳೆ ಬೇಡ ಅನ್ನೋರಿಗೆ ಲ್ಯಾಪ್‌ಟಾಪಿನಲ್ಲಿರುವಂಥ ಕತ್ತರಿ ಕೀಗಳ ತೆಳು ಕೀಬೋರ್ಡ್ ಇದೆ. ಕೀ ಇಳಿಯುವುದು 2 ಮಿ.ಮೀ. ಒಳಗೆ, ಸದ್ದು ಕಡಿಮೆ, ದಿಂಬು ಬೇಕಿಲ್ಲ. ತೊಂದರೆ ಏನೆಂದರೆ ಕೀ ಕೆಳಗಿನ ಪ್ಲಾಸ್ಟಿಕ್ ಕತ್ತರಿ ಮುರಿದರೆ ಬಿಡಿಭಾಗ ಸಿಗುವುದು ಕಷ್ಟ. ಮೆಕ್ಯಾನಿಕಲ್ಲೇ ಬೇಕು, ಎತ್ತರ ಬೇಡ ಅಂದರೆ ಲೋ ಪ್ರೊಫೈಲ್ ಬರುತ್ತೆ. ಕೈಲ್ಹ್ ಚಾಕ್ ವಿ1 ಸ್ವಿಚ್ ಆದರೆ 3 ಮಿ.ಮೀ. ಇಳಿತ, 1.5ಕ್ಕೆ ಅಕ್ಷರ. ಆದರೆ ಅದಕ್ಕೆ ಎಂಎಕ್ಸ್ ಕೀಕ್ಯಾಪ್‌ಗಳು (ಕೀಯ ಮೇಲ್ಟೋಪಿಗಳು) ಕೂರಲ್ಲ.

ಇನ್ನು ರಬ್ಬರ್ ಅಂದ ತಕ್ಷಣ ಮೂಗು ಮುರಿಯಬೇಕಿಲ್ಲ. ಜಪಾನಿನ ಟಾಪ್ರೆ ಕೀಬೋರ್ಡುಗಳ ಒಳಗಿರುವುದೂ ರಬ್ಬರ್ ಗುಮ್ಮಟವೇ. ಅದರ ಕೆಳಗೊಂದು ಶಂಕುವಿನಾಕಾರದ ಸ್ಪ್ರಿಂಗ್ ಇಟ್ಟು ವಿದ್ಯುತ್ ಧಾರಕತೆ (ಕೆಪಾಸಿಟೆನ್ಸ್) ಅಳೆದು ಕೀ ಒತ್ತಿದ್ದನ್ನು ಗುರುತಿಸುತ್ತಾರೆ, ಅಷ್ಟೇ. ದುಬಾರಿ, ಆದರೂ ಜನ ಸರದಿ ನಿಲ್ಲುತ್ತಾರೆ.

ಒತ್ತಕ್ಷರ

ಎಲ್ಲರಿಗೂ ಧನ್ಯವಾದ. ಸೈಲೆಂಟ್ ಸ್ವಿಚ್ ಹಾಕಿದ ಕೀಬೋರ್ಡಿನಲ್ಲೂ ಸ್ಪೇಸ್‌ಬಾರ್, ಎಂಟರ್ ಮಾತ್ರ ಖಡಖಡ ಅನ್ನುತ್ತೆ ಅಂತ ವಿಮರ್ಶೆಗಳಲ್ಲಿ ಓದಿದೆ. ಯಾಕೆ ಹಾಗೆ? ಮನೆಯಲ್ಲೇ ಸರಿ ಮಾಡಬಹುದಾ?

ಬೆಸುಗೆಕಡ್ಡಿ

ಮಾಡಬಹುದು, ಅರ್ಧ ಗಂಟೆ ಕೆಲಸ. ಆ ಸದ್ದು ಸ್ವಿಚ್ಚಿನದಲ್ಲ, ಸ್ಟೆಬಿಲೈಸರಿನದು. ಉದ್ದ ಕೀ ಒಂದು ಕಡೆ ವಾಲದಿರಲಿ ಅಂತ ಎರಡು ಬದಿಗೂ ಪ್ಲಾಸ್ಟಿಕ್ ಗೂಡು, ಅವನ್ನು ಜೋಡಿಸಲು ಒಂದು ಉಕ್ಕಿನ ತಂತಿ ಇರುತ್ತೆ. ಎರಡು ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್, ಸ್ಪೇಸ್, ನಂಬರ್ ಪ್ಯಾಡಿನ ಮೂರು ಕೀ, ಎಲ್ಲಕ್ಕೂ ಇದೆ. ತಂತಿಯ ತುದಿ ಗೂಡಿನೊಳಗೆ ಸಡಿಲವಾಗಿದ್ದರೆ ಪ್ರತಿ ಸಲ ಬಡಿಯುತ್ತೆ. ಶಿಫ್ಟ್ ಅಷ್ಟು ಬಳಸುವ ನಿಮಗೆ ಇದು ಇಂಗ್ಲಿಷ್‌ನವರಿಗಿಂತ ಜಾಸ್ತಿ ಕೇಳಿಸುತ್ತೆ.

ಮೊದಲು ಕೀಕ್ಯಾಪ್ ತೆಗೆಯಿರಿ. ತಂತಿಯ ಎಳೆಕೋಲು ಬಳಸಿ. ಪ್ಲಾಸ್ಟಿಕ್ ಉಂಗುರದ್ದು ಕೀಯ ಬದಿ ಗೀರುತ್ತೆ. ಸ್ಪೇಸ್‌ಬಾರನ್ನು ಒಂದೇ ತುದಿಯಿಂದ ಮೀಟಬೇಡಿ, ಎರಡೂ ಕಡೆ ಸ್ವಲ್ಪ ಸ್ವಲ್ಪ ಎತ್ತಿ. ಸೂಜಿ ಮೊಂಡಾಗಿರುವ ಸಿರಿಂಜಿಗೆ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಸದ) ಗ್ರೀಸ್ ತುಂಬಿ, ತಂತಿ ಗೂಡಿನೊಳಗೆ ಹೋಗುವ ಜಾಗಕ್ಕೆ ಪ್ರತಿ ಬದಿಗೆ ಅಕ್ಕಿಕಾಳಿನಷ್ಟು ಬಿಡಿ. ಹತ್ತು-ಹದಿನೈದು ಸಲ ಒತ್ತಿ ಹರಡಿಸಿ. ಕ್ಯಾಪ್ ಹಾಕಿ ಕೇಳಿ. ಇನ್ನೂ ಬಡಿದರೆ ಮತ್ತೆ ಅರ್ಧ ಕಾಳು. ಕೀ ಮೇಲೆ ಬರಲು ತಡಮಾಡಿದರೆ ಜಾಸ್ತಿಯಾಗಿದೆ ಅಂತ ಅರ್ಥ, ಬಟ್ಟೆಯ ತುದಿಯಿಂದ ಒರೆಸಿ ತೆಗೆಯಿರಿ.

ಗ್ರೀಸ್ ಹಾಕಿದ ಮೇಲೂ ಒಂದೇ ಬದಿ ಬಡಿಯುತ್ತಿದ್ದರೆ ತಂತಿ ಸೊಟ್ಟಗಿದೆ. ಬಿಚ್ಚಿ ಗಾಜಿನ ಮೇಲಿಡಿ. ಎರಡೂ ತುದಿ ಗಾಜಿಗೆ ತಾಗಬೇಕು. ಯಾವುದು ಎದ್ದಿರುತ್ತೋ ಅದನ್ನು ಕೂದಲೆಳೆಯಷ್ಟು ಬಗ್ಗಿಸಿ ಮತ್ತೆ ನೋಡಿ. ಸ್ಪೇಸ್‌ಬಾರ್ ಒಳಗೆ ಟೊಳ್ಳು, ಡೋಲಿನ ಹಾಗೆ. ಒಳಮೈಗೆ 2 ಮಿ.ಮೀ. ಫೋಮ್ ಪಟ್ಟಿ ಅಂಟಿಸಿದರೆ ಆ ದನಿ ಇಳಿಯುತ್ತೆ. ಪಟ್ಟಿ ಸ್ಟೆಬಿಲೈಸರ್ ಗೂಡಿಗೆ ತಾಗದಂತೆ ಕತ್ತರಿಸಿ. ಕೆಳಗೆ 3-4 ಮಿ.ಮೀ. ದಪ್ಪದ ಡೆಸ್ಕ್ ಮ್ಯಾಟ್ ಹಾಸಿ, ಮರದ ಮೇಜು ಸದ್ದನ್ನು ಇಮ್ಮಡಿ ಮಾಡುತ್ತೆ.

ಕೊಳ್ಳುವಾಗ ಹಾಟ್‌ಸ್ವಾಪ್ ಇರುವುದನ್ನೇ ಕೊಳ್ಳಿ, ಬೆಸುಗೆ ಇಲ್ಲದೆ ಸ್ವಿಚ್ ಕಿತ್ತು ಬೇರೆ ಹಾಕಬಹುದು. ಜನ ಕೆಡಿಸುವುದು ಹಾಕುವಾಗ. ಸ್ವಿಚ್ಚಿನ ಎರಡು ತಾಮ್ರದ ಕಾಲು ಕಾಗದದಷ್ಟು ತೆಳು. ವಾರೆಯಾಗಿ ಒತ್ತಿದರೆ ಮಡಚಿ ಹೊಟ್ಟೆಯಡಿ ಸೇರುತ್ತೆ, ಕೀ ಸತ್ತಿದೆ ಅಂತ ಕಾಣುತ್ತೆ. ಚಿಮಟದಿಂದ ನೆಟ್ಟಗೆ ಮಾಡಿ ನೇರ ಇಳಿಸಿ. ಬೋರ್ಡ್ ಬಿಚ್ಚಿದ್ದರೆ ಸಾಕೆಟ್ (ಸ್ವಿಚ್ಚಿನ ಕಾಲು ಕೂರುವ ಗೂಡು) ಹಿಂದೆ ಬೆರಳಿಟ್ಟು ಒತ್ತಿ. ಇಲ್ಲದಿದ್ದರೆ ಸಾಕೆಟ್ ಬೆಸುಗೆ ಸಮೇತ ಕಿತ್ತುಬರಬಹುದು, ಆಗ ನಿಜಕ್ಕೂ ಬೆಸುಗೆಕಡ್ಡಿ ಹಿಡಿಯಬೇಕು. ಐದು ಕಾಲಿನ ಸ್ವಿಚ್, ಮೂರು ತೂತಿನ ಬೋರ್ಡ್ ಆದರೆ ಹೆಚ್ಚಿನ ಎರಡು ಪ್ಲಾಸ್ಟಿಕ್ ಕಾಲನ್ನು ಕತ್ತರಿಸಿ, ಏನೂ ಆಗಲ್ಲ.

ಸ್ವಿಚ್ಚಿಗೇ ಗ್ರೀಸ್ ಹಚ್ಚುವ ಹುಚ್ಚಿಗೆ ಈಗಲೇ ಇಳಿಯಬೇಡಿ. ಒಂದೊಂದನ್ನೂ ಬಿಚ್ಚಿ ಕುಂಚದಲ್ಲಿ ಕ್ರೈಟಾಕ್ಸ್ 205 ಜಿ0 ಗ್ರೀಸ್ ಸವರಬೇಕು, 104 ಕೀಗೆ ನಾಲ್ಕು ಗಂಟೆ ಹಿಡಿಯುತ್ತೆ. ಒಳಗಿನ ತಾಮ್ರದ ಎಲೆ ಕೂಡುವ ಜಾಗಕ್ಕೆ ತಾಗಿದರೆ ಕೀ ಒತ್ತಿದರೂ ಅಕ್ಷರ ಬರಲ್ಲ.

ಕಂಸ

ಸಣ್ಣ ಸೇರ್ಪಡೆ. ಕನ್ನಡದ ಜೊತೆ ಕೋಡೂ ಬರೆಯುವವರು ಕ್ಯೂಎಂಕೆ ಫರ್ಮ್‌ವೇರಿನಲ್ಲಿ (ಕೆಲವು ಕೀಬೋರ್ಡುಗಳ ಒಳಗೇ ಓಡುವ ತಂತ್ರಾಂಶ) ನಡುಸಾಲಿನ ಕೀಗಳಿಗೇ ಶಿಫ್ಟ್, ಕಂಟ್ರೋಲ್ ಕೂರಿಸುತ್ತಾರೆ. ತಟ್ಟಿದರೆ ಅಕ್ಷರ, ಹಿಡಿದರೆ ಶಿಫ್ಟ್. ಕೆ.ಪಿ. ರಾವ್ ವಿನ್ಯಾಸದವರು ಎಫ್‌ಗೆ ಮಾತ್ರ ಇದನ್ನು ಹಾಕಬೇಡಿ. ತಟ್ಟಿದ್ದೋ ಹಿಡಿದದ್ದೋ ಅಂತ ತೀರ್ಮಾನಿಸುವ ಡೀಫಾಲ್ಟ್ ಅವಧಿ 200 ಮಿಲಿಸೆಕೆಂಡ್. ಒತ್ತಿನ ಎಫ್ ಮೇಲೆ ಬೆರಳು ಅಷ್ಟು ಹೊತ್ತು ತಂಗಿ ಕೆ ಬಿದ್ದರೆ ಅದು ಶಿಫ್ಟ್-ಕೆ ಆಗುತ್ತೆ, 'ಅಕ್ಕ' ಬದಲು 'ಅಕಖ'. ಇನ್‌ಸ್ಕ್ರಿಪ್ಟ್ ವಿನ್ಯಾಸದವರಿಗೆ ಒತ್ತು ಡಿ ಕೀಯಲ್ಲಿ, ಅವರು ಡಿ ಬಿಡಿ. ಕಿರುಬೆರಳಿಗೆ ಬಿಡುವು ಬೇಕಿದ್ದರೆ ಹೆಬ್ಬೆರಳಿನ ಹತ್ತಿರದ ಎಡ ಆಲ್ಟ್ ಅನ್ನು ಶಿಫ್ಟ್ ಮಾಡಿಕೊಳ್ಳಿ.

ಕೀಕ್ಯಾಪ್ ಮೇಲೆ ಕನ್ನಡ ಅಚ್ಚು ಇಲ್ಲ ಅಂತ ಚಿಂತೆ ಬೇಡ. ಕೀಬೋರ್ಡ್ ಕಳಿಸುವುದು ಕೀಯ ಸಂಖ್ಯೆ ಮಾತ್ರ, ಅದನ್ನು ಕನ್ನಡ ಮಾಡುವುದು ಕಂಪ್ಯೂಟರ್. ಸ್ಟಿಕ್ಕರ್ ಅಂಟಿಸಿದರೆ ಆರು ತಿಂಗಳಿಗೆ ಅಂಚು ಎದ್ದು ಗೋಂದು ಬೆರಳಿಗೆ ಮೆತ್ತುತ್ತೆ. ಕ್ಯಾಪ್ ಪಿಬಿಟಿ ಪ್ಲಾಸ್ಟಿಕ್ಕಿನದ್ದು ಇರಲಿ; ಎಬಿಎಸ್ ಪ್ಲಾಸ್ಟಿಕ್ ಬೇಗ ಜಿಡ್ಡುಗಟ್ಟಿದ ಹಾಗೆ ಹೊಳೆಯುತ್ತೆ, ಅದೂ ಎಫ್ ಮತ್ತು ಶಿಫ್ಟ್ ಮೊದಲು.

ಒತ್ತಕ್ಷರ

ಕೊನೆಯ ಪ್ರಶ್ನೆ. ಒಂದು ಸಲ ಒತ್ತಿದರೆ ಎರಡು ಅಕ್ಷರ ಬೀಳುತ್ತೆ, 'ಮನೆ' ಅಂದರೆ 'ಮನನೆ' ಆಗುತ್ತೆ ಅನ್ನೋ ದೂರು ಸುಮಾರು ಕಡೆ ಇದೆ. ಅದು ಬಂದರೆ ಎಸೆಯೋದೇನಾ?

ಬೆಸುಗೆಕಡ್ಡಿ

ಎಸೆಯಬೇಡಿ. ತಾಮ್ರದ ಎಲೆ ಕೂಡುವಾಗ ಅದುರಿ ಎರಡು ಸಲ ತಾಗುತ್ತೆ, ಧೂಳು ಅಥವಾ ತುಕ್ಕು ಇದ್ದರೆ ಇನ್ನೂ ಹೆಚ್ಚು. ಎನ್ ಕೀಯ ಸ್ವಿಚ್ ಕಿತ್ತು ಅಷ್ಟಾಗಿ ಬಳಸದ ಸ್ಕ್ರಾಲ್ ಲಾಕ್ ಜಾಗಕ್ಕೆ ಹಾಕಿ, ಅಲ್ಲಿನದನ್ನು ಇಲ್ಲಿಗೆ ತನ್ನಿ. ತೊಂದರೆ ಸ್ವಿಚ್ ಜೊತೆ ಹೋದರೆ ಸ್ವಿಚ್ಚೇ ಕೆಟ್ಟಿದೆ, ಒಂದು ಸ್ವಿಚ್ಚಿನ ದುಡ್ಡಲ್ಲಿ ಮುಗೀತು. ಎನ್ ಜಾಗದಲ್ಲೇ ಉಳಿದರೆ ಸಾಕೆಟ್ ಬೆಸುಗೆ ನೋಡಬೇಕು. ಕ್ಯೂಎಂಕೆ ಇದ್ದರೆ ಡಿಬೌನ್ಸ್ ಅವಧಿಯನ್ನು (ಈ ಅದುರನ್ನು ಕಡೆಗಣಿಸುವ ಸಮಯ) 5 ಮಿಲಿಸೆಕೆಂಡಿನಿಂದ 10ಕ್ಕೆ ಏರಿಸಿ ಸದ್ಯಕ್ಕೆ ಸುಧಾರಿಸಬಹುದು.

ಶುಚಿ ಮಾಡಲು ಕಾಂಟ್ಯಾಕ್ಟ್ ಕ್ಲೀನರ್, ಇಲ್ಲವೇ 99% ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ, ಇಪ್ಪತ್ತು ಸಲ ಒತ್ತಿ, ಒಣಗಲು ಬಿಡಿ. ಹೊಲಿಗೆ ಯಂತ್ರದ ಎಣ್ಣೆ ಬಿಡೋರಿದ್ದಾರೆ, ಅದಕ್ಕೆ ಧೂಳು ಮೆತ್ತಿ ವಾರದಲ್ಲಿ ಮೊದಲಿಗಿಂತ ಹದಗೆಡುತ್ತೆ. ಸಕ್ಕರೆ ಹಾಕಿದ ಚಹಾ ಚೆಲ್ಲಿದರೆ ತಕ್ಷಣ ತಂತಿ ಕಿತ್ತು ಬೋರಲು ಹಾಕಿ, ಅಂಟಿರುವ ಸ್ವಿಚ್‌ಗಳನ್ನು ಕಿತ್ತು ಮೊದಲು ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ (ಸಕ್ಕರೆ ಆಲ್ಕೊಹಾಲಿನಲ್ಲಿ ಕರಗಲ್ಲ), ಆಮೇಲೆ ಅದೇ ಆಲ್ಕೊಹಾಲಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ತಡಮಾಡಿದರೆ ಬೆಳಗ್ಗೆ ಇರುವೆ ಸಾಲು ಸ್ಪೇಸ್‌ಬಾರ್ ಕೆಳಗೆ ಸಂಸಾರ ಹೂಡಿರುತ್ತೆ.