ನೀಟ್: ಕನ್ನಡ ಪ್ರಶ್ನೆಪತ್ರಿಕೆಯನ್ನು ಆರಿಸಬೇಕೇ?

ಶಹಾಪುರದ ವಿದ್ಯಾರ್ಥಿನಿ:
ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕಲಬುರಗಿಯಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವ ನನಗೆ ಜೀವಶಾಸ್ತ್ರ ಸುಲಭವೆನಿಸಿದರೂ ಭೌತಶಾಸ್ತ್ರದ ಲೆಕ್ಕಗಳಿಗೆ ಸಮಯ ಸಾಲುವುದಿಲ್ಲ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ಅರ್ಜಿಯಲ್ಲಿ ಕನ್ನಡವನ್ನು ಆರಿಸುವುದು ಸರಿಯೇ? ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿ ಇರುವ ಮೀಸಲಾತಿಯಿಂದ ಅರ್ಹತಾ ಅಂಕಗಳೇನಾದರೂ ಕಡಿಮೆಯಾಗುತ್ತವೆಯೇ?

ಬೀದರಿನ ಉಪನ್ಯಾಸಕ:
ಕನ್ನಡವನ್ನು ಆರಿಸಿದರೆ ಪ್ರಶ್ನೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತವೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಆದರೆ ಪಿಯುಸಿಯಲ್ಲಿ ಪರಿಭಾಷೆಯನ್ನೆಲ್ಲ ಇಂಗ್ಲಿಷಿನಲ್ಲೇ ಕಲಿತವರು ‘ದ್ಯುತಿಸಂಶ್ಲೇಷಣೆ’ ಎಂಬುದನ್ನು ಮನಸ್ಸಿನಲ್ಲೇ ಫೋಟೋಸಿಂಥೆಸಿಸ್ ಎಂದು ತಿರುಗಿಸಿಕೊಳ್ಳುವಷ್ಟರಲ್ಲಿ ಹೊತ್ತು ಕಳೆದುಹೋಗುತ್ತದೆ ಎಂಬುದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. 2025ರಿಂದ ಐಚ್ಛಿಕ ಪ್ರಶ್ನೆಗಳಿಲ್ಲ, 180 ನಿಮಿಷಗಳಲ್ಲಿ 180 ಪ್ರಶ್ನೆ. ಒಟ್ಟು 720 ಅಂಕಗಳಲ್ಲಿ 360 ಜೀವಶಾಸ್ತ್ರದವೇ ಆಗಿರುವುದರಿಂದ, ಆ 90 ಪ್ರಶ್ನೆಗಳನ್ನು ಐವತ್ತು ನಿಮಿಷಗಳೊಳಗೆ ಮುಗಿಸುವ ರೂಢಿ ಮಾಡಿಕೊಂಡರೆ ಭೌತಶಾಸ್ತ್ರಕ್ಕೆ ಬೇಕಾದ ಸಮಯ ತಾನಾಗಿಯೇ ಉಳಿಯುತ್ತದೆ. ಪ್ರತಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ; ಕಣ್ಣುಮುಚ್ಚಿ ಗುರುತು ಹಾಕಬೇಡಿ.

ಯಾದಗಿರಿಯ ಪೋಷಕರು:
ತಂಗಿ, 371ಜೆ ಅರ್ಹತಾ ಅಂಕಗಳನ್ನು ಇಳಿಸುವುದಿಲ್ಲ. ಅದು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ರಾಜ್ಯದ ಪಾಲಿನ ಸೀಟುಗಳನ್ನು ಹಂಚುವಾಗ ಅನ್ವಯಿಸುತ್ತದೆ. ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ನಮ್ಮ ಭಾಗದವರಿಗೆ ಅದರ ಪ್ರಯೋಜನ ದೊಡ್ಡದು. ಉಪವಿಭಾಗಾಧಿಕಾರಿಯವರ ಅರ್ಹತಾ ಪ್ರಮಾಣಪತ್ರವನ್ನು ಫಲಿತಾಂಶಕ್ಕೆ ಕಾಯದೆ ಈಗಲೇ ಮಾಡಿಸಿಟ್ಟುಕೊಳ್ಳಿ.

ಶಹಾಪುರದ ವಿದ್ಯಾರ್ಥಿನಿ:
ಇಬ್ಬರಿಗೂ ಧನ್ಯವಾದಗಳು. ಪರೀಕ್ಷೆ ಮಧ್ಯಾಹ್ನ ಎರಡಕ್ಕೆ ಆರಂಭವಾಗುವುದರಿಂದ, ನಮ್ಮ ಬಿಸಿಲಿನಲ್ಲಿ ನಿದ್ದೆ ಎಳೆಯುವ ಅದೇ ಹೊತ್ತಿಗೆ ಇನ್ನು ಮುಂದೆ ಅಭ್ಯಾಸ ಪತ್ರಿಕೆ ಬಿಡಿಸುತ್ತೇನೆ.