ಸಹಾಯ ಬೇಕು: ಇಂಗ್ಲಿಷ್ ಪ್ರಬಂಧ ಉತ್ತರ ತಿದ್ದಲು ಇಬ್ಬರು (ಮಡಿಕೇರಿ, ವಿರಾಜಪೇಟೆ)

ಎಲ್ಲರಿಗೂ ನಮಸ್ಕಾರ. ಹನ್ನೆರಡನೇ ತರಗತಿಯ 14 ಮಕ್ಕಳು ಬರೆಯುತ್ತಿರುವ, ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದ ಪ್ರಬಂಧ ಉತ್ತರಗಳನ್ನು ತಿದ್ದಿಕೊಡುವವರು ಬೇಕು. ವಾರಕ್ಕೆ ಒಬ್ಬರಿಗೆ 7 ಉತ್ತರ, ಒಂದಕ್ಕೆ 10 ನಿಮಿಷ ಸಾಕು.

ಮಕ್ಕಳು ಎಡವುತ್ತಿರುವುದು ಒಂದೇ ಕಡೆ. ಲೇಡಿ ಮ್ಯಾಕ್‌ಬೆತ್ ಹೇಗೆ ಬದಲಾಗುತ್ತಾಳೆ ಎಂದು ಕೇಳಿದರೆ ಮಾಟಗಾತಿಯರಿಂದ ಹಿಡಿದು ಇಡೀ ಕಥೆ ಬರೆಯುತ್ತಾರೆ. ಕಥೆ ಪರೀಕ್ಷಕರಿಗೆ ಗೊತ್ತು, ಬೇಕಿರುವುದು ವಾದ. ಎರಡನೇ ಅಂಕದ ಎರಡನೇ ದೃಶ್ಯದಲ್ಲಿ ರಾಜನ ಕೊಲೆಯಾದ ಮೇಲೆ ಸ್ವಲ್ಪ ನೀರಿದ್ದರೆ ಎಲ್ಲ ತೊಳೆದುಹೋಗುತ್ತದೆ ಎನ್ನುವವಳು, ಐದನೇ ಅಂಕದ ಮೊದಲ ದೃಶ್ಯದಲ್ಲಿ ನಿದ್ದೆಗಣ್ಣಲ್ಲೇ ಕೈಯಲ್ಲಿ ಇಲ್ಲದ ರಕ್ತದ ಕಲೆಯನ್ನು ಉಜ್ಜುತ್ತಿರುತ್ತಾಳೆ. ಈ ಎರಡನ್ನು ಎದುರುಬದುರು ಇಟ್ಟರೆ ಅರ್ಧ ಉತ್ತರ ಸಿಕ್ಕಂತೆ.

ಸ್ಪೆಲ್ಲಿಂಗ್ ಆಮೇಲೆ ನೋಡಿ. ಮೊದಲು ಪ್ರತಿ ಪ್ಯಾರಾದ ಮೊದಲ ಸಾಲಿಗೆ ಗೆರೆ ಎಳೆಯಿರಿ: ಅದು ಪ್ರಶ್ನೆಗೆ ಉತ್ತರವೋ, ಬರೀ ಘಟನೆಯೋ? ಘಟನೆಯಾದರೆ ಪಕ್ಕದಲ್ಲಿ ‘ಹಾಗಾದರೆ?’ ಎಂದಷ್ಟೇ ಬರೆಯಿರಿ, ಉತ್ತರ ನೀವೇ ಬರೆದುಕೊಡಬೇಡಿ. ನಾಟಕದ ಸಾಲು ಎತ್ತಿ ಬರೆದಿದ್ದರೆ ಆರೇಳು ಪದ ಸಾಕು. ಉದ್ದದ ಸಾಲು ತಪ್ಪಾಗುತ್ತದೆ, ವಿವರಿಸಲು ಹೊತ್ತೂ ಉಳಿಯುವುದಿಲ್ಲ.

ಮಳೆಗೆ ನೆಟ್‌ವರ್ಕ್ ಕೈಕೊಡುವುದರಿಂದ ಹಾಳೆಗಳನ್ನೇ ಶನಿವಾರ ತಲುಪಿಸುತ್ತೇವೆ. ಗೋಣಿಕೊಪ್ಪ ಕಡೆಯವರಿದ್ದರೂ ಆಗುತ್ತದೆ. ಬಿಡುವಿದ್ದವರು ದಯವಿಟ್ಟು ಇಲ್ಲೇ ತಿಳಿಸಿ.